ಗಾಡಿಯ ವೈರಿಂಗ್‌ಗೆ ಒಳ್ಳೆಯ ಸಾಮಾನು ಯಾವುದು, ಗುರುತಿಸುವುದು ಹೇಗೆ?

ಚಲಿಸುತ್ತಿದ್ದ ಕಾರಿಗೆ ಬೆಂಕಿ ಬಿದ್ದ ಸುದ್ದಿಗಳ ಕೊನೆಯ ಸಾಲು ಹೆಚ್ಚಾಗಿ ಒಂದೇ ಇರುತ್ತದೆ: ‘ಶಾರ್ಟ್ ಸರ್ಕ್ಯೂಟ್ ಕಾರಣವೆಂದು ಶಂಕಿಸಲಾಗಿದೆ.’ ಯಾವ ವೈರು, ಯಾವ ಜಾಗ, ಯಾಕೆ ಎಂಬುದು ಅಲ್ಲಿಗೇ ನಿಲ್ಲುತ್ತದೆ. ಇತ್ತ ಡ್ಯಾಶ್‌ಕ್ಯಾಮ್, ಫಾಗ್ ಲ್ಯಾಂಪ್, ಜೋರು ಹಾರ್ನ್, ಯುಎಸ್‌ಬಿ ಚಾರ್ಜರ್ ಎಂದು ಗಾಡಿಗೆ ಹೊರಗಿನಿಂದ ಒಂದಲ್ಲ ಒಂದು ಸೇರಿಸದವರೇ ಕಡಿಮೆ. ಮೂರು ಸಾವಿರದ ಲೈಟನ್ನು ಹತ್ತು ಕಡೆ ವಿಚಾರಿಸಿ ಕೊಳ್ಳುವವರು ಅದನ್ನು ಬ್ಯಾಟರಿಗೆ ಸೇರಿಸುವ ವೈರು, ಫ್ಯೂಸು, ಟರ್ಮಿನಲ್ಲುಗಳನ್ನು (ವೈರಿನ ತುದಿಗೆ ಕೂರಿಸುವ ಲೋಹದ ತುಂಡುಗಳನ್ನು) ‘ಯಾವುದಾದರೂ ಹಾಕಿ’ ಎಂದುಬಿಡುತ್ತಾರೆ. ಗಾಡಿ ಕೆಡುವುದು, ಸುಡುವುದು ಬಹುಮಟ್ಟಿಗೆ ಈ ಸಣ್ಣ ಸಾಮಾನುಗಳಲ್ಲೇ.

ಆ ಸಾಮಾನುಗಳನ್ನು ಮತ್ತು ಅವಕ್ಕೆ ಬೇಕಾದ ಉಪಕರಣಗಳನ್ನು ಅಂಗಡಿಯಲ್ಲೇ ಪರೀಕ್ಷಿಸಿ ಆರಿಸುವುದು ಹೇಗೆ ಎಂಬುದನ್ನು ಇಲ್ಲಿ ನೋಡೋಣ. ಉದಾಹರಣೆಗೆ ಒಂದೇ ಕೆಲಸವನ್ನು ಇಟ್ಟುಕೊಳ್ಳೋಣ: ಚಾರ್ಮಾಡಿ, ಮಡಿಕೇರಿ ಕಡೆಯ ಮಂಜಿನಲ್ಲಿ ಓಡಾಡುವ ಕಾರಿಗೆ 55 ವ್ಯಾಟ್‌ನ ಎರಡು ಹ್ಯಾಲೊಜೆನ್ ಫಾಗ್ ಲ್ಯಾಂಪ್.

12 ವೋಲ್ಟ್‌ನಲ್ಲಿ ಬೆಂಕಿ ಹೇಗೆ?

ಕಾರಿನ ಬ್ಯಾಟರಿ 12 ವೋಲ್ಟ್‌ನದು. ಎಂಜಿನ್ ಓಡುವಾಗ ಅದರಿಂದಲೇ ತಿರುಗಿ ವಿದ್ಯುತ್ ಹುಟ್ಟಿಸುವ ಆಲ್ಟರ್ನೇಟರ್ ಅದನ್ನು 13.5ರಿಂದ 14.5ರವರೆಗೆ ಏರಿಸುತ್ತದೆ. ಇದು ಮನುಷ್ಯನಿಗೆ ಶಾಕ್ ಹೊಡೆಯುವಷ್ಟಿಲ್ಲ. ಹಾಗಾಗಿ ಅದರಿಂದ ಏನೂ ಅಪಾಯವಿಲ್ಲ ಎಂದು ಅನೇಕರು ಎಣಿಸುತ್ತಾರೆ. ಆದರೆ ವೈರನ್ನು ಸುಡುವುದು ವೋಲ್ಟೇಜ್ ಅಲ್ಲ, ಕರೆಂಟು. ವೋಲ್ಟೇಜ್ ಎಂದರೆ ವಿದ್ಯುತ್ತನ್ನು ತಳ್ಳುವ ಒತ್ತಡ. ಕರೆಂಟು ಎಂದರೆ ನಿಜವಾಗಿ ಎಷ್ಟು ಹರಿಯುತ್ತಿದೆ ಎಂಬುದು. ಕರೆಂಟಿನ ಅಳತೆ ಆಂಪಿಯರ್, ಮಾತಿನಲ್ಲಿ ‘ಆಂಪ್’. ಸಣ್ಣ ಕಾರಿನ ಬ್ಯಾಟರಿ ಕೂಡ ಶಾರ್ಟ್ ಆದರೆ ನೂರಾರು ಆಂಪ್ ಸುರಿಯಬಲ್ಲದು.

ಮೂರನೆಯದು ರೆಸಿಸ್ಟೆನ್ಸ್, ಅಂದರೆ ದಾರಿಯಲ್ಲಿ ಸಿಗುವ ಅಡ್ಡಿ. ಅದರ ಅಳತೆ ಓಮ್. ಅಡ್ಡಿ ಇದ್ದಲ್ಲೆಲ್ಲ ಶಾಖ ಹುಟ್ಟುತ್ತದೆ. ಎಷ್ಟೆಂದರೆ ಕರೆಂಟನ್ನು ಅದರಿಂದಲೇ ಗುಣಿಸಿ, ಮತ್ತೆ ರೆಸಿಸ್ಟೆನ್ಸಿನಿಂದ ಗುಣಿಸಿದಷ್ಟು. ನಮ್ಮ ಎರಡು ಲ್ಯಾಂಪಿಗೆ 110 ವ್ಯಾಟ್. 12ರಿಂದ ಭಾಗಿಸಿದರೆ ಸುಮಾರು 9.2 ಆಂಪ್. ದಾರಿಯಲ್ಲೊಂದು ಸಡಿಲ ಜೋಡಣೆಯಿದ್ದು ಅದರ ರೆಸಿಸ್ಟೆನ್ಸ್ ಬರೀ 0.1 ಓಮ್ ಎಂದಿಟ್ಟುಕೊಂಡರೂ ಅಲ್ಲಿ ಎಂಟೂವರೆ ವ್ಯಾಟ್ ಶಾಖ ಹುಟ್ಟುತ್ತದೆ. ಎಲೆಕ್ಟ್ರಾನಿಕ್ಸ್ ರಿಪೇರಿಯವರು ಸೀಸ ಕರಗಿಸಲು ಬಳಸುವ ಬೆಸುಗೆ ಕಡ್ಡಿ 25 ವ್ಯಾಟ್‌ನದು. ಅದರ ಮೂರನೇ ಒಂದು ಪಾಲು ಶಾಖವನ್ನು ಕಡಲೆಕಾಳಿನಷ್ಟು ಜಾಗದಲ್ಲಿ, ಟೇಪು ಸುತ್ತಿ, ಗಂಟೆಗಟ್ಟಲೆ ಇಟ್ಟಂತಾಯಿತು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು: ಇಂಥ ಕೆಟ್ಟ ಜೋಡಣೆ ಇದ್ದಾಗ ಫ್ಯೂಸು ಹಾರುವುದಿಲ್ಲ. ಅಡ್ಡಿ ಹೆಚ್ಚಿದರೆ ಕರೆಂಟು ತುಸು ಕಡಿಮೆಯೇ ಆಗುತ್ತದೆ. ಕರೆಂಟನ್ನು ಮಾತ್ರ ನೋಡುವ ಫ್ಯೂಸಿಗೆ ಎಲ್ಲವೂ ಸರಿಯಾಗಿದೆ ಎಂದೇ ಕಾಣುತ್ತದೆ. ಹೊದಿಕೆ ಮೆತ್ತಗಾಗಿ, ಕರಗಿ, ಪಕ್ಕದ ವೈರಿಗೋ ಬಾಡಿಗೋ ತಾಮ್ರ ತಾಗಿದ ಮೇಲಷ್ಟೇ ಅದು ಎಚ್ಚರಗೊಳ್ಳುತ್ತದೆ. ವರದಿಯಲ್ಲಿ ‘ಶಾರ್ಟ್ ಸರ್ಕ್ಯೂಟ್’ ಎಂದು ಬರುವುದು ಎಷ್ಟೋ ಸಲ ಇಂಥ ಕತೆಯ ಕೊನೆಯ ಅಂಕ. ಫ್ಯೂಸು ಶಾರ್ಟ್‌ನಿಂದ ಕಾಯುತ್ತದೆ. ನಿಧಾನದ ಬಿಸಿಯಿಂದ ಕಾಯುವುದು ಒಳ್ಳೆಯ ವೈರು ಮತ್ತು ಒಳ್ಳೆಯ ಜೋಡಣೆ ಮಾತ್ರ.

ವೈರು: ದಪ್ಪ ನೋಡಿ ಮೋಸ ಹೋಗಬೇಡಿ

ವೈರಿನ ಗಾತ್ರ ಎಂದರೆ ಒಳಗಿನ ತಾಮ್ರದ ಅಡ್ಡಕೊಯ್ತದ ವಿಸ್ತೀರ್ಣ. ಅದನ್ನು ಚದರ ಮಿಲಿಮೀಟರಿನಲ್ಲಿ ಹೇಳುತ್ತಾರೆ. ಹೊದಿಕೆಯ ದಪ್ಪಕ್ಕೂ ಇದಕ್ಕೂ ಸಂಬಂಧವಿಲ್ಲ. ದಪ್ಪ ಹೊದಿಕೆಯೊಳಗೆ ನಾಲ್ಕು ಎಳೆ ಇಟ್ಟು ಮಾರುವ ವೈರು ಪೇಟೆಯಲ್ಲಿ ಧಾರಾಳವಾಗಿ ಸಿಗುತ್ತದೆ.

‘16 ಗೇಜ್ ಕೊಡಿ’ ಎಂದು ಕೇಳುವುದನ್ನು ಬಿಟ್ಟುಬಿಡಿ. ಗೇಜ್‌ನಲ್ಲಿ ಅಮೆರಿಕದ್ದು ಬೇರೆ, ಬ್ರಿಟಿಷರದು ಬೇರೆ. 18 ಗೇಜ್ ಎಂದರೆ ಅಮೆರಿಕದ ಲೆಕ್ಕದಲ್ಲಿ 0.82 ಚದರ ಮಿ.ಮೀ., ಬ್ರಿಟಿಷ್ ಲೆಕ್ಕದಲ್ಲಿ ಸುಮಾರು 1.17. ಕೊಡುವವರು ಯಾವ ಲೆಕ್ಕದಲ್ಲಿ ಕೊಟ್ಟರು ಎಂದು ತಿಳಿಯುವುದು ಕಷ್ಟ. ನಮ್ಮ ಅಂಗಡಿಗಳಲ್ಲಿ ‘14/0.3’ ಎಂಬಂಥ ಬರಹವೂ ಕಾಣುತ್ತದೆ. 0.3 ಮಿ.ಮೀ. ದಪ್ಪದ 14 ಎಳೆಗಳು ಎಂದು ಇದರರ್ಥ. ಎಳೆಯ ದಪ್ಪವನ್ನು ಅದರಿಂದಲೇ ಗುಣಿಸಿ, 0.785ರಿಂದ ಗುಣಿಸಿ, ಎಳೆಗಳ ಸಂಖ್ಯೆಯಿಂದ ಗುಣಿಸಿದರೆ ವಿಸ್ತೀರ್ಣ ಬರುತ್ತದೆ: 14/0.3 ಎಂದರೆ 0.99, ಅಂದರೆ 1 ಚದರ ಮಿ.ಮೀ. 28/0.3 ಎಂದರೆ ಸುಮಾರು 2. ತುದಿ ಬಿಡಿಸಿ ಎಳೆ ಎಣಿಸಿ. ಡಿಜಿಟಲ್ ಕ್ಯಾಲಿಪರ್ ಇದ್ದರೆ ಒಂದು ಎಳೆಯನ್ನು ಅಳೆಯಿರಿ. ಮೋಸವಿದ್ದರೆ ಎರಡು ನಿಮಿಷದಲ್ಲಿ ಹೊರಬೀಳುತ್ತದೆ.

ಗಾತ್ರ ಯಾಕೆ ಇಷ್ಟು ಮುಖ್ಯ ಎಂಬುದಕ್ಕೆ, ವಾಹನದ ತಾಮ್ರದ ವೈರಿನ ಒಂದು ಮೀಟರಿಗೆ ಇರಬಹುದಾದ ಗರಿಷ್ಠ ರೆಸಿಸ್ಟೆನ್ಸ್ ನೋಡಿ (1 ಓಮ್ ಎಂದರೆ 1000 ಮಿಲಿಓಮ್):

0.5 ಚದರ ಮಿ.ಮೀ. – 37.1 ಮಿಲಿಓಮ್
1.0 ಚದರ ಮಿ.ಮೀ. – 18.5 ಮಿಲಿಓಮ್
1.5 ಚದರ ಮಿ.ಮೀ. – 12.7 ಮಿಲಿಓಮ್
2.5 ಚದರ ಮಿ.ಮೀ. – 7.6 ಮಿಲಿಓಮ್

ನಮ್ಮ ಫಾಗ್ ಲ್ಯಾಂಪಿನ ಕರೆಂಟನ್ನು ಬ್ಯಾಟರಿಯಿಂದ ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ, ಅಲ್ಲಿಂದ ಮುಂದಿನ ಬಂಪರಿಗೆ, ಒಟ್ಟು 5 ಮೀಟರ್ 0.5 ವೈರಿನಲ್ಲಿ ಒಯ್ದರೆ ದಾರಿಯಲ್ಲೇ ಸುಮಾರು 1.7 ವೋಲ್ಟ್ ಕಳೆದುಹೋಗುತ್ತದೆ. ಹ್ಯಾಲೊಜೆನ್ ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ವೇಗವಾಗಿ ಇಳಿಯುತ್ತದೆ. 13.5 ವೋಲ್ಟ್‌ನಲ್ಲಿ 1.7 ಹೋದರೆ ಬೆಳಕು ಮೂರನೇ ಒಂದು ಪಾಲಿಗಿಂತ ಹೆಚ್ಚೇ ತಗ್ಗುತ್ತದೆ. ಜೊತೆಗೆ ಕಾರ್ಪೆಟ್ಟಿನ ಕೆಳಗೆ ಹದಿನೈದು ವ್ಯಾಟ್ ಶಾಖ. ಅದೇ ಕರೆಂಟನ್ನು 2.5ರ ವೈರಿನಲ್ಲಿ, ಎಂಜಿನ್ ಕೋಣೆಯೊಳಗೇ 2 ಮೀಟರಿನಲ್ಲಿ ಮುಗಿಸಿದರೆ ನಷ್ಟ 0.14 ವೋಲ್ಟ್. ಲೈಟು ಮಂಕು ಎಂದು 100 ವ್ಯಾಟ್ ಬಲ್ಬು ಹುಡುಕುವವರು ಮೊದಲು ವೈರು ನೋಡುವುದು ಒಳ್ಳೆಯದು. ಸಣ್ಣ ವೈರಿಗೆ ದೊಡ್ಡ ಬಲ್ಬು ಹಾಕಿದರೆ ಕಂಪನಿಯ ಹೋಲ್ಡರೇ ಕರಗುತ್ತದೆ.

ಎರಡನೆಯ ಮೋಸ ಲೋಹದ್ದು. ಅಲ್ಯೂಮಿನಿಯಂ ಎಳೆಗೆ ತಾಮ್ರದ ತೆಳು ಲೇಪ ಕೊಟ್ಟ ವೈರನ್ನು ಸಿಸಿಎ ಎನ್ನುತ್ತಾರೆ. ಕಾರ್ ಆಡಿಯೊ ಕಿಟ್‌ಗಳಲ್ಲಿ, ಆನ್‌ಲೈನ್‌ನ ಅಗ್ಗದ ರೆಡಿಮೇಡ್ ವೈರಿಂಗ್ ಕಿಟ್‌ಗಳಲ್ಲಿ ಇದು ಹೆಚ್ಚು. ಅದರ ರೆಸಿಸ್ಟೆನ್ಸ್ ತಾಮ್ರದ ಒಂದೂವರೆ ಪಟ್ಟಿನಷ್ಟು. ಎರಡು ಮೂರು ಸಲ ಮಡಚಿದರೆ ಎಳೆ ತುಂಡಾಗುತ್ತದೆ. ಲೇಪ ಸುಲಿದಲ್ಲಿ ತೇವ ತಾಗಿದರೆ ಬಿಳಿ ಪುಡಿಯಾಗುತ್ತದೆ. ಗುರುತಿಸಲು ಬ್ಲೇಡಿನಿಂದ ಒಂದು ಎಳೆಯನ್ನು ಕೆರೆಯಿರಿ. ಒಳಗೂ ಕೆಂಪಾಗಿದ್ದರೆ ತಾಮ್ರ, ಬೆಳ್ಳಗಿದ್ದರೆ ಸಿಸಿಎ. ಇಲ್ಲೊಂದು ಎಚ್ಚರ ಬೇಕು: ತವರದ ಲೇಪವಿರುವ ಒಳ್ಳೆಯ ತಾಮ್ರದ ವೈರು ಹೊರಗಿನಿಂದ ಬೆಳ್ಳಗೇ ಕಾಣುತ್ತದೆ, ಆದರೆ ಕೆರೆದರೆ ಒಳಗೆ ಕೆಂಪು. ಕರಾವಳಿಯ ಉಪ್ಪುಗಾಳಿಗೆ ಇದು ಸಾದಾ ತಾಮ್ರಕ್ಕಿಂತ ಒಳ್ಳೆಯದು. ಬೆಳ್ಳಗಿದೆ ಎಂದು ವಾಪಸು ಕೊಟ್ಟು ಬರಬೇಡಿ. ಇನ್ನೂ ಅನುಮಾನವಿದ್ದರೆ ತೂಗಿ. 1 ಚದರ ಮಿ.ಮೀ. ವೈರಿನ ಒಂದು ಮೀಟರ್ ಹೊದಿಕೆ ಸುಲಿದರೆ ತಾಮ್ರ 9 ಗ್ರಾಂ ತೂಗಬೇಕು. ಸಿಸಿಎ ಮೂರೂವರೆ ಗ್ರಾಂ ಆಸುಪಾಸಿನಲ್ಲೇ ನಿಲ್ಲುತ್ತದೆ.

ಮೂರನೆಯದು ಹೊದಿಕೆ. ಮನೆ ಕಟ್ಟುವಾಗ ಉಳಿದ ವೈರನ್ನು ಕಾರಿಗೆ ಎಳೆಯುವುದು ಸಾಮಾನ್ಯ. ಮನೆ ವೈರಿನಲ್ಲೂ ಒಳ್ಳೆಯ ತಾಮ್ರವೇ ಇರುತ್ತದೆ, 14/0.3ರ ಎಳೆಗಳೇ ಇರುತ್ತವೆ; ತೊಂದರೆ ಇರುವುದು ಮೇಲಿನ ಪಿವಿಸಿಯಲ್ಲಿ. ಸಾಮಾನ್ಯ ಮನೆ ವೈರಿನ ಹೊದಿಕೆಯ ತಾಳಿಕೆ 70 ಡಿಗ್ರಿ ಸೆಲ್ಸಿಯಸ್. ಎಂಜಿನ್ ಪಕ್ಕದ ಬಿಸಿ ಅದನ್ನು ಸಲೀಸಾಗಿ ದಾಟುತ್ತದೆ. ಮೇಲಾಗಿ ಆಯಿಲು, ಪೆಟ್ರೋಲು, ಅದುರಾಟ. ಎರಡು ವರ್ಷದಲ್ಲಿ ಹೊದಿಕೆ ಗಡುಸಾಗಿ ಬಿರುಕು ಬಿಡುತ್ತದೆ. ಗಾಡಿಗೆಂದೇ ಮಾಡಿದ ವೈರು ಕೇಳಿ. ಭಾರತದಲ್ಲಿ ಮೋಟಾರು ವಾಹನಗಳ ಕೇಬಲ್ಲಿನ ಮಾನಕ ಐಎಸ್ 2465. ಕಾರು ಕಂಪನಿಗಳು ಬಳಸುವ ತೆಳು ಹೊದಿಕೆಯ ‘ಎಫ್‌ಎಲ್‌ಆರ್‌ವೈ-ಬಿ’ ಎಂಬ ಬಗೆ 105 ಡಿಗ್ರಿ ತಾಳುತ್ತದೆ. ಒಳ್ಳೆಯ ವೈರಿನ ಮೈಮೇಲೆ ತಯಾರಕರ ಹೆಸರು, ಗಾತ್ರ, ಮಾನಕ ಮತ್ತೆ ಮತ್ತೆ ಅಚ್ಚಾಗಿರುತ್ತವೆ. ಬೋಳು ವೈರನ್ನು ಮುಟ್ಟದಿರುವುದೇ ವಾಸಿ.

ಫ್ಯೂಸು ಕಾಯುವುದು ಲೈಟನ್ನಲ್ಲ, ವೈರನ್ನು

ಈ ಒಂದು ಮಾತು ತಿಳಿದರೆ ಫ್ಯೂಸಿನ ಗೊಂದಲಗಳಲ್ಲಿ ಹೆಚ್ಚಿನವು ಮುಗಿಯುತ್ತವೆ. ಫ್ಯೂಸಿನ ಅಂಕಿ ವೈರು ಸುರಕ್ಷಿತವಾಗಿ ಹೊರಬಲ್ಲ ಕರೆಂಟಿಗಿಂತ ಕಡಿಮೆ ಇರಬೇಕು, ಲೈಟು ಎಳೆಯುವ ಕರೆಂಟಿಗಿಂತ ಹೆಚ್ಚಿರಬೇಕು. ಫ್ಯೂಸು ತನ್ನ ಅಂಕಿಯ ಮುಕ್ಕಾಲು ಭಾಗದಷ್ಟು ಕರೆಂಟಿನಲ್ಲಿ ಸದಾ ಓಡುವಂತಿದ್ದರೆ ಸರಿ. 9.2 ಆಂಪನ್ನು 0.75ರಿಂದ ಭಾಗಿಸಿದರೆ 12.3, ಅದರ ಮೇಲಿನ ಅಂಕಿ 15. ಪದೇ ಪದೇ ಹಾರುತ್ತಿದೆ ಎಂದು 15ರ ಜಾಗಕ್ಕೆ 30 ಹಾಕಿದರೆ ಇನ್ನು ಫ್ಯೂಸಿನ ಕೆಲಸವನ್ನು ವೈರೇ ಮಾಡುತ್ತದೆ.

ಬ್ಲೇಡ್ ಫ್ಯೂಸುಗಳ ಬಣ್ಣ ಎಲ್ಲ ಕಂಪನಿಗಳದ್ದೂ ಒಂದೇ: 5 ತಿಳಿಕಂದು, 7.5 ಕಂದು, 10 ಕೆಂಪು, 15 ನೀಲಿ, 20 ಹಳದಿ, 25 ಬಣ್ಣವಿಲ್ಲದ್ದು, 30 ಹಸಿರು. ದೊಡ್ಡದು, ಮಿನಿ, ಗಿಡ್ಡ ಮಿನಿ, ಮೈಕ್ರೊ ಎಂದು ಗಾತ್ರಗಳು ಬೇರೆ ಬೇರೆ. ಒಂದರ ಜಾಗದಲ್ಲಿ ಇನ್ನೊಂದನ್ನು ತುರುಕಿದರೆ ಸಾಕೆಟ್ಟಿನ ಹಿಡಿತ ಸಡಿಲವಾಗಿ ಮೇಲೆ ಹೇಳಿದ ಬಿಸಿಯ ಕತೆ ಅಲ್ಲೇ ಶುರುವಾಗುತ್ತದೆ. ಡ್ಯಾಶ್‌ಕ್ಯಾಮ್‌ಗೆ ಫ್ಯೂಸ್ ಟ್ಯಾಪ್ (ಇರುವ ಫ್ಯೂಸಿನ ಜಾಗದಲ್ಲಿ ಕೂತು ಹೊಸ ವೈರಿಗೆ ಕರೆಂಟು ಕೊಡುವ ತುಂಡು) ಕೊಳ್ಳುವಾಗ ಹಳೆಯ ಫ್ಯೂಸೊಂದನ್ನು ಕಿತ್ತು ಅಂಗಡಿಗೆ ಒಯ್ಯಿರಿ.

ನೂರು ಫ್ಯೂಸುಗಳ ಡಬ್ಬಿ ಬಲು ಅಗ್ಗಕ್ಕೆ ಸಿಕ್ಕರೆ ಪರೀಕ್ಷಿಸದೆ ನಂಬಬೇಡಿ. ಕಳಪೆ ಫ್ಯೂಸು ಬೇಗ ಹಾರಿದರೆ ಬರೀ ಕಿರಿಕಿರಿ, ಹಾರದಿದ್ದರೆ ಅಪಾಯ. ಸರಿಯಾದ ಬ್ಲೇಡ್ ಫ್ಯೂಸು ತನ್ನ ಅಂಕಿಯ 135 ಶೇಕಡಾ ಕರೆಂಟಿನಲ್ಲಿ 10 ನಿಮಿಷದೊಳಗೆ, ಎರಡು ಪಟ್ಟಿನಲ್ಲಿ 5 ಸೆಕೆಂಡಿನೊಳಗೆ ಹಾರಲೇಬೇಕು. ಮನೆಯಲ್ಲೇ ಪರೀಕ್ಷಿಸಲು ಡಬ್ಬಿಯ ಒಂದು 5 ಆಂಪ್ ಫ್ಯೂಸಿನ ಮೂಲಕ 55 ವ್ಯಾಟ್‌ನ ಎರಡೂ ಬಲ್ಬುಗಳನ್ನು ಉರಿಸಿ. ಈ ಪರೀಕ್ಷೆಗೆ 1.5ರ ವೈರು ಬಳಸಿ, ಬ್ಯಾಟರಿ ತುದಿಯಲ್ಲಿ ನಂಬಿಕೆಯ 15 ಆಂಪ್ ಫ್ಯೂಸು ಹಾಕಿಕೊಳ್ಳಿ. 9 ಆಂಪ್ ಹರಿಯುವಾಗ 5ರ ಫ್ಯೂಸು ಸೆಕೆಂಡುಗಳಲ್ಲಿ, ತಡವಾದರೆ ಒಂದೆರಡು ನಿಮಿಷದಲ್ಲಿ ಹಾರಬೇಕು. ಹಾಯಾಗಿ ಉರಿಯುತ್ತಲೇ ಇದ್ದರೆ ಡಬ್ಬಿಯನ್ನೇ ಕಸಕ್ಕೆ ಹಾಕಿ.

ಫ್ಯೂಸಿನ ಜಾಗ ಬ್ಯಾಟರಿಯಿಂದ ಒಂದು ಗೇಣಿನೊಳಗೆ. ಬ್ಯಾಟರಿಗೂ ಫ್ಯೂಸಿಗೂ ನಡುವಿನ ವೈರಿಗೆ ಕಾವಲೇ ಇಲ್ಲ, ಆದ್ದರಿಂದ ಅದು ಎಷ್ಟು ಗಿಡ್ಡವೋ ಅಷ್ಟು ಒಳ್ಳೆಯದು. ಹೋಲ್ಡರು ಮುಚ್ಚಳ ಮತ್ತು ರಬ್ಬರ್ ಸೀಲ್ ಇರುವಂಥದ್ದಾಗಿರಲಿ. ಹೋಲ್ಡರಿನಿಂದ ಹೊರಡುವ ವೈರಿನ ಗಾತ್ರವನ್ನೂ ನೋಡಿ. ‘30 ಆಂಪ್’ ಎಂದು ಬರೆದು 0.75ರ ವೈರು ಇಟ್ಟಿರುವುದುಂಟು.

ರಿಲೇ

ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು ಇದು. ಒಳಗಿನ ಸುರುಳಿಗೆ 0.15ರಿಂದ 0.2 ಆಂಪ್ ಸಾಕು. ಅದು ಅಯಸ್ಕಾಂತವಾಗಿ ಒಂದು ತಗಡನ್ನು ಎಳೆದಾಗ ದೊಡ್ಡ ದಾರಿ ಜೋಡಣೆಯಾಗುತ್ತದೆ. ಹಾಗಾಗಿ ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ 0.5ರ ತೆಳು ವೈರು ಹೋದರೂ ಸಾಕಾಗುತ್ತದೆ.

ಕಾಲುಗಳ ಅಂಕಿ ಸಾಮಾನ್ಯವಾಗಿ ಒಂದೇ. 30ಕ್ಕೆ ಬ್ಯಾಟರಿಯಿಂದ ಫ್ಯೂಸಿನ ಮೂಲಕ ಬರುವ ವೈರು, 87ರಿಂದ ಲ್ಯಾಂಪಿಗೆ, 86ಕ್ಕೆ ಸ್ವಿಚ್ಚಿನಿಂದ, 85 ಅರ್ತ್‌ಗೆ, ಅಂದರೆ ಬ್ಯಾಟರಿಯ ಮೈನಸ್‌ಗೆ ಸೇರಿರುವ ಗಾಡಿಯ ಬಾಡಿಗೆ. ಐದು ಕಾಲಿನ ರಿಲೇಯಲ್ಲಿ ನಡುವಿನ 87ಎ ರಿಲೇ ಆಫ್ ಇರುವಾಗ 30ಕ್ಕೆ ಸೇರಿರುತ್ತದೆ. ತಪ್ಪಿ ಲ್ಯಾಂಪನ್ನು ಅದಕ್ಕೆ ಸೇರಿಸಿದರೆ ಗಾಡಿ ನಿಲ್ಲಿಸಿದಾಗ ಲೈಟು ಉರಿದು ಬ್ಯಾಟರಿ ಖಾಲಿಯಾಗುತ್ತದೆ. ಫಾಗ್ ಲ್ಯಾಂಪಿಗೆ ನಾಲ್ಕು ಕಾಲಿನದೇ ಸಾಕು. ಮೈಮೇಲೆ ಡಯೋಡಿನ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಚಿತ್ರವಿದ್ದರೆ 86, 85 ಅದಲು ಬದಲು ಮಾಡಬಾರದು, ಡಯೋಡ್ ಸುಡುತ್ತದೆ.

ಕಾಲಿನ ತುದಿಗೆ ಸಣ್ಣ ಅಯಸ್ಕಾಂತ ಹಿಡಿದು ನೋಡಿ. ಒಳ್ಳೆಯ ರಿಲೇಯ ಕಾಲು ತಾಮ್ರ ಅಥವಾ ಹಿತ್ತಾಳೆಯದು, ಅಂಟುವುದಿಲ್ಲ. ಅಂಟಿದರೆ ಕಬ್ಬಿಣಕ್ಕೆ ಲೇಪ ಕೊಟ್ಟದ್ದು. ಈ ಅಯಸ್ಕಾಂತ ಜೇಬಿನಲ್ಲೇ ಇರಲಿ, ಟರ್ಮಿನಲ್ ಕೊಳ್ಳುವಾಗಲೂ ಬೇಕು.

ಟರ್ಮಿನಲ್ಲು ಮತ್ತು ಕ್ರಿಂಪಿಂಗ್: ದುಡ್ಡು ಹಾಕಬೇಕಾದ ಜಾಗ

ಉಪಕರಣಗಳಲ್ಲಿ ಒಂದಕ್ಕೆ ಮಾತ್ರ ಹೆಚ್ಚು ಖರ್ಚು ಮಾಡುವುದಾದರೆ ಅದು ಕ್ರಿಂಪಿಂಗ್ ಪ್ಲೈಯರ್ ಆಗಿರಲಿ. ವೈರಿನ ತುದಿಗೆ ಟರ್ಮಿನಲ್ಲನ್ನು ಒತ್ತಿ ಕೂರಿಸುವ ಇಕ್ಕಳವಿದು. ಸರಿಯಾಗಿ ಒತ್ತಿದಾಗ ಎಳೆಗಳು ಮತ್ತು ಟರ್ಮಿನಲ್ಲು ನಡುವೆ ಗಾಳಿಗೂ ಜಾಗವಿಲ್ಲದಂತೆ ಒಂದಾಗಿಬಿಡುತ್ತವೆ. ಗಾಳಿ ಇಲ್ಲದಲ್ಲಿ ಕಿಲುಬು ಹಿಡಿಯದು. ಕಿಲುಬಿಲ್ಲದಲ್ಲಿ ಅಡ್ಡಿ ಹೆಚ್ಚದು. ಕಾರು ಕಂಪನಿಗಳು ಟರ್ಮಿನಲ್ಲುಗಳನ್ನು ಬೆಸುಗೆ ಹಾಕದೆ ಒತ್ತಿ ಕೂರಿಸುವುದು ಇದಕ್ಕಾಗಿಯೇ.

ಕಟಿಂಗ್ ಪ್ಲೈಯರಿನಿಂದ ಜಜ್ಜಿದರೆ ಇದು ಆಗುವುದಿಲ್ಲ. ಟರ್ಮಿನಲ್ಲು ಚಪ್ಪಟೆಯಾಗುತ್ತದೆ, ಎಳೆಗಳ ನಡುವೆ ಸಂದು ಉಳಿಯುತ್ತದೆ, ಮೊದಲ ಮಳೆಗಾಲ ಕಳೆಯುವಷ್ಟರಲ್ಲಿ ಹಸಿರು ಕಿಲುಬು. ನೂರಿನ್ನೂರು ರೂಪಾಯಿಯ ತಗಡಿನ ಕ್ರಿಂಪರೂ ಹೆಚ್ಚು ಬೇರೆಯೇನಲ್ಲ. ಒತ್ತಡ ಕೈಯ ಬಲಕ್ಕೆ ಬಿಟ್ಟದ್ದು. ಬೇಕಾದ್ದು ರ‍್ಯಾಚೆಟ್ ಇರುವ ಇಕ್ಕಳ. ಪೂರ್ತಿ ಒತ್ತುವವರೆಗೆ ಅದು ಬಾಯಿ ಬಿಡುವುದಿಲ್ಲ, ಹಾಗಾಗಿ ಪ್ರತಿ ಸಲವೂ ಒತ್ತಡ ಒಂದೇ. ಬಾಯಿಯ ಅಚ್ಚು ಬದಲಾಯಿಸುವಂಥದ್ದನ್ನು ಕೊಳ್ಳಿ, ಏಕೆಂದರೆ ಒಂದೊಂದು ಬಗೆಯ ಟರ್ಮಿನಲ್ಲಿಗೆ ಒಂದೊಂದು ಅಚ್ಚು.

ಬಣ್ಣದ ಪ್ಲಾಸ್ಟಿಕ್ ತೊಟ್ಟ ಟರ್ಮಿನಲ್ಲುಗಳಿಗೆ ಮೊಟ್ಟೆಯಾಕಾರದ ಅಚ್ಚು. ಇವುಗಳಲ್ಲಿ ಕೆಂಪು 0.5ರಿಂದ 1.5ರ ವೈರಿಗೆ, ನೀಲಿ 1.5ರಿಂದ 2.5ಕ್ಕೆ, ಹಳದಿ 4ರಿಂದ 6ಕ್ಕೆ. ಕಾರಿನ ಕಪ್ಲರುಗಳ (ವೈರುಗಳನ್ನು ಸೇರಿಸುವ, ಬಿಚ್ಚಬಹುದಾದ ಪ್ಲಾಸ್ಟಿಕ್ ಜೋಡಣೆ) ಒಳಗಿರುವುದು ಇನ್ನೊಂದು ಬಗೆ: ಎರಡು ಜೊತೆ ರೆಕ್ಕೆಗಳಿರುವ ತೆರೆದ ಟರ್ಮಿನಲ್ಲು. ಮುಂದಿನ ರೆಕ್ಕೆ ತಾಮ್ರವನ್ನು ಅಪ್ಪುತ್ತದೆ, ಹಿಂದಿನದು ಹೊದಿಕೆಯನ್ನು. ಅದಕ್ಕೆ ರೆಕ್ಕೆಗಳನ್ನು ಒಳಮುಖವಾಗಿ ಸುರುಳಿ ಮಾಡುವ, ನಡುವೆ ಏಣು ಇರುವ ಅಚ್ಚು ಬೇಕು. ಹೊದಿಕೆಯನ್ನು ಹಿಡಿಯುವ ರೆಕ್ಕೆ ಅಲಂಕಾರಕ್ಕಲ್ಲ. ಅದುರಾಟದ ಹೊಡೆತ ತಾಮ್ರದ ಎಳೆಗಳಿಗೆ ಬೀಳದಂತೆ ತಡೆಯುವುದು ಅದೇ.

ಟರ್ಮಿನಲ್ಲಿನ ಲೋಹ ತವರದ ಲೇಪವಿರುವ ತಾಮ್ರ ಅಥವಾ ಹಿತ್ತಾಳೆ ಆಗಿರಬೇಕು. ಅಯಸ್ಕಾಂತಕ್ಕೆ ಅಂಟಿದರೆ ಬೇಡ. ರಿಲೇ, ಫ್ಯೂಸ್ ಹೋಲ್ಡರಿನಲ್ಲಿ ಕೂರುವ ಚಪ್ಪಟೆ ಟರ್ಮಿನಲ್ಲಿನ ಸಾಮಾನ್ಯ ಅಗಲ 6.3 ಮಿ.ಮೀ.; 4.8, 2.8ರ ಸಣ್ಣವೂ ಇವೆ. ಹಾಕಿದಾಗ ಬಿಗಿಯಾಗಿರಬೇಕು. ಸಲೀಸಾಗಿ ಜಾರಿದರೆ ಆ ಟರ್ಮಿನಲ್ಲಿನ ಸ್ಪ್ರಿಂಗ್ ಸತ್ತಿದೆ ಎಂದರ್ಥ.

ಕೆಲಸ ಹೀಗೆ. ಹೊದಿಕೆ ಸುಲಿಯಲು ಗಾತ್ರಕ್ಕೊಂದು ತೂತಿರುವ ಸ್ಟ್ರಿಪ್ಪರ್ ಬಳಸಿ. ಹಲ್ಲಿನಿಂದ, ಬ್ಲೇಡಿನಿಂದ ಸುಲಿದರೆ ಎಳೆಗಳು ತುಂಡಾಗುತ್ತವೆ. 14ರಲ್ಲಿ 4 ಎಳೆ ಹೋದರೆ 1 ಚದರ ಮಿ.ಮೀ. ವೈರು ಆ ಜಾಗದಲ್ಲಿ 0.7ರದ್ದಾಯಿತು. ತಾಮ್ರವನ್ನು ಹಿಡಿಯುವ ರೆಕ್ಕೆಯ ಉದ್ದಕ್ಕಿಂತ ಒಂದೆರಡು ಮಿ.ಮೀ. ಮಾತ್ರ ಹೆಚ್ಚು ಸುಲಿಯಿರಿ. ಒತ್ತಿದ ಮೇಲೆ ಮುಂದಿನ ರೆಕ್ಕೆಯಾಚೆ ಎಳೆಗಳ ತುದಿ ಅರ್ಧದಿಂದ ಒಂದು ಮಿ.ಮೀ. ಇಣುಕಬೇಕು. ಎರಡು ರೆಕ್ಕೆಗಳ ನಡುವಿನ ಸಂದಿಯಲ್ಲಿ ತಾಮ್ರವೂ ಕಾಣಬೇಕು, ಹೊದಿಕೆಯ ಅಂಚೂ ಕಾಣಬೇಕು. ಹೊದಿಕೆ ಮುಂದಿನ ರೆಕ್ಕೆಯೊಳಗೆ ಸಿಕ್ಕಿಕೊಂಡಿದ್ದರೆ ಕತ್ತರಿಸಿ ಮತ್ತೆ ಮಾಡಿ. ಆಮೇಲೆ ಎಳೆದು ನೋಡಿ: ಸರಿಯಾದ ಕ್ರಿಂಪ್ 1 ಚದರ ಮಿ.ಮೀ. ವೈರಿನಲ್ಲಿ ಸುಮಾರು 11 ಕೆ.ಜಿ., 2.5ರದರಲ್ಲಿ ಸುಮಾರು 23 ಕೆ.ಜಿ. ಎಳೆತ ತಡೆಯಬೇಕು. ಸಾಮಾನು ತೂಗುವ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿಯಿಂದ ಒಂದೆರಡು ಮಾದರಿ ಎಳೆದು ನೋಡಿದರೆ ನಿಮ್ಮ ಇಕ್ಕಳದ ಯೋಗ್ಯತೆ ತಿಳಿಯುತ್ತದೆ. ಎಳೆದು ನೋಡಿದ ಮಾದರಿಯನ್ನು ಗಾಡಿಗೆ ಹಾಕಬೇಡಿ.

ವೈರನ್ನು ಕತ್ತರಿಸದೆ, ಮೇಲಿಂದ ಚಿಟಕ್ಕನೆ ಒತ್ತಿ ಟ್ಯಾಪ್ ಮಾಡುವ ನೀಲಿ, ಕೆಂಪು ಕ್ಲಿಪ್ಪುಗಳು ಬಹಳ ಜನಪ್ರಿಯ. ಒಳಗಿನ ತಗಡು ಹೊದಿಕೆಯನ್ನು ಸೀಳಿ ತಾಮ್ರವನ್ನು ಮುಟ್ಟುತ್ತದೆ, ಹಾಗೆಯೇ ಕೆಲವು ಎಳೆಗಳನ್ನೂ ಕತ್ತರಿಸುತ್ತದೆ. ಸೀಳಿದ ಜಾಗದಿಂದ ನೀರು ಒಳಗೆ ಹೋದರೆ ಎಳೆಗಳ ನಡುವಿನ ಸಂದುಗಳಲ್ಲಿ ಗೇಣುಗಟ್ಟಲೆ ಹರಿದು, ತಾಮ್ರ ಕಪ್ಪಾಗುತ್ತದೆ. ಮಲೆನಾಡಿನಲ್ಲಿ ಓಡುವ ಗಾಡಿಗೆ ಇವು ಬೇಡವೇ ಬೇಡ.

ಬೆಸುಗೆ, ಟೇಪು, ಸ್ಲೀವ್

ಬೆಸುಗೆ ತಪ್ಪಲ್ಲ, ಆದರೆ ಬೆಸುಗೆ ಹೀರಿಕೊಂಡ ವೈರು ಕಡ್ಡಿಯಂತೆ ಸೆಟೆಯುತ್ತದೆ. ಸೆಟೆದ ಭಾಗ ಮುಗಿದು ಮೆದು ಭಾಗ ಶುರುವಾಗುವಲ್ಲಿ ಅದುರಾಟದಿಂದ ತುಂಡಾಗುತ್ತದೆ. ಬೆಸುಗೆ ಹಾಕಿದರೆ ಆ ಜಾಗದ ಎರಡೂ ಬದಿಗೆ ಆಧಾರ ಕೊಟ್ಟು ಕಟ್ಟಿ. ರೋಸಿನ್ ತುಂಬಿದ 60/40 ಅಥವಾ 63/37 (ತವರ-ಸೀಸದ ಪ್ರಮಾಣ) ಬೆಸುಗೆ ತಂತಿ ಬಳಸಿ. ತಗಡಿನ ಕೆಲಸದವರ ಆ್ಯಸಿಡ್ ಫ್ಲಕ್ಸ್ ತಾಮ್ರವನ್ನು ತಿನ್ನುತ್ತದೆ. ಒತ್ತುವ ಮೊದಲು ಎಳೆಗಳಿಗೆ ಬೆಸುಗೆ ಹಚ್ಚುವ ಅಭ್ಯಾಸ ಬಿಡಿ. ಬೆಸುಗೆ ಲೋಹ ಮೆತ್ತಗಿನದು. ಒತ್ತಡಕ್ಕೆ ನಿಧಾನವಾಗಿ ಜರುಗಿ ಕ್ರಿಂಪ್ ಸಡಿಲವಾಗುತ್ತದೆ.

ಕಪ್ಪು ಪಿವಿಸಿ ಟೇಪು ಎಂಜಿನ್ ಕೋಣೆಯ ಬಿಸಿಗೆ ಅಂಟು ಬಿಟ್ಟು ಜಿಗುಟಾಗುತ್ತದೆ. ಜೋಡಣೆಯ ಮೇಲೆ ಬಿಸಿಗೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಟ್ಯೂಬ್ ಹಾಕಿ. ಒಳಗೆ ಅಂಟಿರುವ 3:1ರ (ಮೂರನೇ ಒಂದಕ್ಕೆ ಕುಗ್ಗುವ) ಬಗೆಯಾದರೆ ಬಿಸಿ ಮಾಡಿದಾಗ ಅಂಟು ಕರಗಿ ಎರಡೂ ತುದಿಯಲ್ಲಿ ಇಣುಕುತ್ತದೆ, ನೀರು ಹೋಗುವುದಿಲ್ಲ. ಸಾದಾ ಟ್ಯೂಬ್ ಜೋಡಣೆ ಮುಚ್ಚಲು ಸಾಕೇ ಹೊರತು ನೀರು ತಡೆಯಲು ಅಲ್ಲ. ವೈರುಗಳ ಕಟ್ಟಿಗೆ ಬಟ್ಟೆ ಟೇಪು, ಮೇಲೆ ಸುಕ್ಕು ಸುಕ್ಕಾದ ಸೀಳು ಸ್ಲೀವ್. ಕಟ್ಟಲು ಕಪ್ಪು ನೈಲಾನ್ ಕೇಬಲ್ ಟೈ. ಬಿಳಿಯದು ಬಿಸಿಲಿಗೆ ಬೇಗ ಪುಡಿಯಾಗುತ್ತದೆ. ಇಲಿ ಕಾಟಕ್ಕೆ ಸ್ಲೀವ್ ಮದ್ದಲ್ಲ, ಅದನ್ನೂ ಕಡಿಯುತ್ತದೆ.

ಮೀಟರು

ಟೆಸ್ಟ್ ಲ್ಯಾಂಪ್ ಒಂದಿದ್ದರೆ ಸಾಕೆಂಬ ಕಾಲ ಹೋಯಿತು. ಅದು ಎಳೆಯುವ ಕರೆಂಟು ಇಸಿಯುಗೆ, ಅಂದರೆ ಗಾಡಿಯ ಕಂಪ್ಯೂಟರಿಗೆ, ಹಾನಿ ಮಾಡಬಲ್ಲದು. ಡಿಜಿಟಲ್ ಮಲ್ಟಿಮೀಟರೇ ಬೇಕು. ಕೊಳ್ಳುವಾಗ 10 ಆಂಪ್ ತೂತಿನ ಪಕ್ಕದ ಬರಹ ಓದಿ. ತೀರಾ ಅಗ್ಗದ ಹಳದಿ ಮೀಟರುಗಳಲ್ಲಿ ಅಲ್ಲಿ ‘ಅನ್‌ಫ್ಯೂಸ್ಡ್’ ಎಂದು ಬರೆದಿರುತ್ತದೆ. ಒಳಗೆ ಫ್ಯೂಸಿಲ್ಲ, ವೈರು ಅದೇ ತೂತಿನಲ್ಲಿರುವಾಗ ಮರೆತು ಬ್ಯಾಟರಿಗೆ ತಾಗಿಸಿದರೆ ಮೀಟರಿನ ವೈರೇ ಸುಡುತ್ತದೆ.

ಜೋಡಣೆ ಚೆನ್ನಾಗಿದೆಯೇ ಎಂದು ಓಮ್ ಸ್ಥಾನದಲ್ಲಿ ಅಳೆದು ಪ್ರಯೋಜನವಿಲ್ಲ. 0.1 ಓಮ್ ಅಳೆಯುವ ಶಕ್ತಿ ಸಾಮಾನ್ಯ ಮೀಟರಿಗಿಲ್ಲ. ಅದರ ಕಡ್ಡಿಗಳ ರೆಸಿಸ್ಟೆನ್ಸೇ ಅದಕ್ಕಿಂತ ಹೆಚ್ಚು. ‘12 ವೋಲ್ಟ್ ಬರ್ತಿದೆ, ವೈರು ಸರಿ ಇದೆ’ ಎಂಬ ಮಾತನ್ನೂ ನಂಬಬೇಡಿ. ಹದಿನಾಲ್ಕು ಎಳೆಯಲ್ಲಿ ಒಂದೇ ಉಳಿದಿದ್ದರೂ ಲೋಡ್ ಇಲ್ಲದಾಗ ಮೀಟರು 12 ತೋರಿಸುತ್ತದೆ. ಸರಿಯಾದ ದಾರಿ: ಲ್ಯಾಂಪ್ ಉರಿಸಿ, ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಕೆಂಪು ಕಡ್ಡಿಯನ್ನು ಬ್ಯಾಟರಿಯ ಪ್ಲಸ್‌ಗೆ, ಕಪ್ಪನ್ನು ಲ್ಯಾಂಪಿನ ಪ್ಲಸ್ ಟರ್ಮಿನಲ್ಲಿಗೆ ಹಿಡಿಯಿರಿ. ಕಾಣುವ ಅಂಕಿಯೇ ದಾರಿಯಲ್ಲಿ ಕಳೆದುಹೋದ ವೋಲ್ಟೇಜ್. ಫ್ಯೂಸು, ರಿಲೇ, ಕಪ್ಲರು ಎಲ್ಲ ಸೇರಿ 0.5 ವೋಲ್ಟ್ ದಾಟಬಾರದು. ಹಾಗೆಯೇ ಲ್ಯಾಂಪಿನ ಅರ್ತ್ ತುದಿಯಿಂದ ಬ್ಯಾಟರಿಯ ಮೈನಸ್‌ಗೆ, ಇಲ್ಲಿ 0.2ಕ್ಕಿಂತ ಹೆಚ್ಚಿದ್ದರೆ ಅರ್ತ್ ಕೆಟ್ಟಿದೆ. ಹೆಚ್ಚು ಬಂದರೆ ಕಡ್ಡಿಯನ್ನು ಒಂದೊಂದೇ ಜೋಡಣೆಗೆ ಹಿಂದೆ ಸರಿಸುತ್ತ ಬನ್ನಿ. ಅಂಕಿ ತಟ್ಟನೆ ಇಳಿಯುವಲ್ಲಿ ಕಳ್ಳ ಇದ್ದಾನೆ.

ಮುಟ್ಟಬಾರದವು

ಹಳದಿ ಕಪ್ಲರು ಮತ್ತು ಹಳದಿ ಸ್ಲೀವಿನ ವೈರು ಏರ್‌ಬ್ಯಾಗಿನವು. ಮೀಟರ್ ಕಡ್ಡಿಯನ್ನೂ ತಾಗಿಸಬೇಡಿ. ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರುಗಳ ಕಿತ್ತಳೆ ಕೇಬಲ್ಲು ಪ್ರಾಣ ತೆಗೆಯುವ ವೋಲ್ಟೇಜಿನವು. ಅಂಥ ಕಾರಿನಲ್ಲೂ ಲೈಟು, ಹಾರ್ನಿಗೆ 12 ವೋಲ್ಟ್‌ನ ಬೇರೆ ವ್ಯವಸ್ಥೆ ಇರುತ್ತದೆ. ಏನು ಸೇರಿಸುವುದಿದ್ದರೂ ಅಲ್ಲಿಂದಲೇ. ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿ ಪ್ಯಾಕಿನ ನಡುವಿನಿಂದ 12 ವೋಲ್ಟ್ ಎಳೆದರೆ ಸೆಲ್ಲುಗಳ ಸಮತೋಲ ತಪ್ಪುತ್ತದೆ. ಹೊಸ ಕಾರುಗಳ ಹೆಡ್‌ಲೈಟ್ ವೈರಿನಿಂದ ಲ್ಯಾಂಪಿಗೆ ನೇರವಾಗಿ ಕರೆಂಟು ಎಳೆಯಬೇಡಿ. ಅದನ್ನು ನೋಡಿಕೊಳ್ಳುವ ಕಂಪ್ಯೂಟರಿಗೆ ಹೆಚ್ಚುವರಿ ಹೊರೆ ಹಿಡಿಸದು. ವಾರಂಟಿ ಇರುವ ಗಾಡಿಯಲ್ಲಿ ಕಂಪನಿಯ ವೈರು ಕತ್ತರಿಸುವ ಮುನ್ನ ವಾರಂಟಿ ಪುಸ್ತಕ ಓದಿ.

ಎಲ್ಲ ಸೇರಿಸುವ ಕ್ರಮ

ಬೆಂಗಳೂರಿನಲ್ಲಾದರೆ ವೈರು, ರಿಲೇ, ಕಪ್ಲರುಗಳಿಗೆ ಜೆ.ಸಿ. ರಸ್ತೆ, ಮೀಟರು, ಹೀಟ್ ಶ್ರಿಂಕ್, ಕ್ರಿಂಪರಿಗೆ ಎಸ್.ಪಿ. ರಸ್ತೆ. ನಮ್ಮ ಎರಡು ಲ್ಯಾಂಪಿಗೆ ಬೇಕಾದ್ದು: 2.5ರ ಕೆಂಪು ವೈರು 2ರಿಂದ 3 ಮೀಟರ್, ರಿಲೇಯಿಂದ ಒಂದೊಂದು ಲ್ಯಾಂಪಿಗೆ ಮತ್ತು ಅರ್ತ್‌ಗೆ 1.5ರದು 5 ಮೀಟರ್, ಸ್ವಿಚ್ಚಿಗೆ 0.5ರದು 4 ಮೀಟರ್, ಸಾಕೆಟ್ ಸಮೇತ ನಾಲ್ಕು ಕಾಲಿನ ರಿಲೇ, ಸೀಲ್ ಇರುವ ಫ್ಯೂಸ್ ಹೋಲ್ಡರು, 15 ಆಂಪ್ ಫ್ಯೂಸು ಒಂದು ಹಾಕಲು ಎರಡು ಇಟ್ಟುಕೊಳ್ಳಲು, ಸ್ವಿಚ್ಚಿನ ದಾರಿಗೆ 3 ಅಥವಾ 5 ಆಂಪ್‌ನ ಇನ್ನೊಂದು ಫ್ಯೂಸು, ಲ್ಯಾಂಪಿಗೆ ರಬ್ಬರ್ ಸೀಲಿನ ಎರಡು ಪಿನ್ ಕಪ್ಲರು ಎರಡು ಜೊತೆ.

ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ. ಪ್ಲಸ್ ಮೊದಲು ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೆ ನೂರಾರು ಆಂಪ್ ಅದರ ಮೂಲಕವೇ ಹರಿಯುತ್ತದೆ. ಮೈನಸ್ ಬಿಚ್ಚಿದ ಮೇಲೆ ಆ ಭಯವಿಲ್ಲ. ರಿಲೇಯನ್ನು ಕಾಲು ಕೆಳಮುಖವಾಗಿ ಕೂರಿಸಿ, ನೀರು ನಿಲ್ಲಬಾರದು. ಎಂಜಿನ್ ಕೋಣೆಯಿಂದ ಒಳಗೆ ವೈರು ತೂರಿಸುವಲ್ಲಿ ತೂತಿನ ಅಂಚಿಗೆ ಕೂರುವ ರಬ್ಬರ್ ಬಳೆ, ಅಂದರೆ ಗ್ರೊಮೆಟ್ ಇರಲೇಬೇಕು, ಇಲ್ಲದಿದ್ದರೆ ತಗಡಿನ ಅಂಚು ಹೊದಿಕೆಯನ್ನು ದಿನಕ್ಕಿಷ್ಟು ಎಂದು ಕೊಯ್ಯುತ್ತದೆ. ಅರ್ತ್ ಕೊಡುವಲ್ಲಿ ಪೇಂಟು ಕೆರೆದು ಲೋಹ ಕಾಣಿಸಿ, ರಿಂಗ್ ಟರ್ಮಿನಲ್ ಬೋಲ್ಟಿನಿಂದ ಬಿಗಿದು, ಮೇಲೆ ವ್ಯಾಸಲೀನ್ ಹಚ್ಚಿ. ಕಪ್ಲರಿನ ಹಿಂದೆ ವೈರು ಕೊಂಚ ಕೆಳಗೆ ಜೋಲುವಂತೆ ಬಿಡಿ. ಮಳೆನೀರು ಕಪ್ಲರಿಗೆ ಹೋಗದೆ ಅಲ್ಲಿಂದಲೇ ತೊಟ್ಟಿಕ್ಕುತ್ತದೆ. ಎಲ್ಲ ವೈರು ಸೇರಿಸಿ, ಮೈನಸ್ ಕೂರಿಸಿದ ಮೇಲೆ ಕಟ್ಟಕಡೆಗೆ ಫ್ಯೂಸು ಹಾಕಿ.

ಹತ್ತು ನಿಮಿಷ ಲ್ಯಾಂಪ್ ಉರಿಸಿ, ಆರಿಸಿ, ಪ್ರತಿ ಜೋಡಣೆಯನ್ನೂ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಬೆರಳು ಹಿಂದೆಗೆಯುವಷ್ಟು ಬಿಸಿಯಿದ್ದರೆ ಅದನ್ನು ಕತ್ತರಿಸಿ ಮತ್ತೆ ಮಾಡಿ. ಆಮೇಲೆ ಗಾಡಿ ಆಫ್ ಮಾಡಿ, ಬಾಗಿಲು ಹಾಕಿ, ಅರ್ಧ ಗಂಟೆ ಬಿಟ್ಟು ಮೈನಸ್ ಕೇಬಲ್ ಮತ್ತು ಬ್ಯಾಟರಿಯ ನಡುವೆ ಮೀಟರಿನ 10 ಆಂಪ್ ಸ್ಥಾನ ಸೇರಿಸಿ. ಕೇಬಲ್ ಬಿಚ್ಚುವ ಮುನ್ನವೇ ಮೀಟರಿನ ಕಡ್ಡಿಗಳನ್ನು ಎರಡೂ ಕಡೆ ಕ್ಲಿಪ್ ಮಾಡಿಕೊಂಡರೆ ಕಾರಿನ ಕಂಪ್ಯೂಟರುಗಳು ಮತ್ತೆ ಎಚ್ಚರಗೊಳ್ಳುವುದಿಲ್ಲ. ಹೆಚ್ಚಿನ ಕಾರುಗಳಲ್ಲಿ 0.05 ಆಂಪ್‌ಗಿಂತ ಕಡಿಮೆ ಕಾಣಬೇಕು. ಹೆಚ್ಚಿದ್ದರೆ ನೀವು ಹಾಕಿದ ಹೊಸ ಫ್ಯೂಸುಗಳನ್ನು ಕಿತ್ತು ನೋಡಿ. ಅಂಕಿ ಇಳಿದರೆ ಸೋರಿಕೆ ನೀವು ಸೇರಿಸಿದ ವೈರಿಂಗ್‌ನಲ್ಲೇ ಇದೆ, ಇಳಿಯದಿದ್ದರೆ ಸೋರಿಕೆ ಮೊದಲಿನಿಂದಲೂ ಇತ್ತು.